ಸ್ಟ್ರಾಟ್‌ಫರ್ಡ್‌ನ ನೀರಿನ ಸ್ಮಾರಕ

ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್‌ನಲ್ಲಿ ಅವನ ನೆನಪಿಗೆ ಪ್ರತಿಮೆಗಳಿವೆ, ರಂಗಮಂದಿರವಿದೆ. ನನಗೆ ಹೆಚ್ಚು ಇಷ್ಟವಾಗುವುದು ಮಾತ್ರ ರೋದರ್ ಸ್ಟ್ರೀಟ್‌ನ ಸಂತೆ ಬಯಲಿನಲ್ಲಿ ನಿಂತಿರುವ ಅಮೆರಿಕನ್ ಫೌಂಟನ್. ಹೆಸರಿಗೆ ಕಾರಂಜಿ, ನೋಡಲು ಗಡಿಯಾರ ಗೋಪುರ, ಕಟ್ಟಿಸಿದ್ದು ಬಾಯಾರಿದವರಿಗೆ.

1887, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ವರ್ಷ. ಫಿಲಡೆಲ್ಫಿಯಾದ ಪತ್ರಿಕೋದ್ಯಮಿ ಜಾರ್ಜ್ ಚೈಲ್ಡ್ಸ್ ಇದನ್ನು ಊರಿಗೆ ಉಡುಗೊರೆಯಾಗಿ ಕೊಟ್ಟರು. ವಿನ್ಯಾಸ ಬರ್ಮಿಂಗ್‌ಹ್ಯಾಮ್‌ನ ವಾಸ್ತುಶಿಲ್ಪಿ ಜೆಥ್ರೋ ಕಾಸಿನ್ಸ್ ಅವರದು. ಮೊನಚು ಶಿಖರ, ಗೋಥಿಕ್ ಕಮಾನು, ಇಂಗ್ಲೆಂಡಿನ ಸಿಂಹ, ಅಮೆರಿಕದ ಗರುಡ: ಅಲಂಕಾರ ತುಸು ಹೆಚ್ಚೇ ಆಯಿತೆನ್ನುವವರಿದ್ದಾರೆ. ಇರಲಿ, ಕೆಳಗೆ ನೋಡಿ. ಮನುಷ್ಯರಿಗೊಂದು ಬೋಗುಣಿ, ಕುದುರೆ ದನಗಳಿಗೆ ಅಗಲವಾದ ತೊಟ್ಟಿಗಳು, ಅವುಗಳ ಕೆಳಗೆ ಕುರಿ, ನಾಯಿಗಳ ಬಾಯಿಗೆಟುಕುವಷ್ಟು ತಗ್ಗಿನಲ್ಲಿ ಪುಟ್ಟ ತೊಟ್ಟಿಗಳು. ದನದ ಸಂತೆ ನೆರೆಯುತ್ತಿದ್ದ ಜಾಗದಲ್ಲಿ ಯಾರ ಕತ್ತು ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಿ ಕಲ್ಲು ಕಡೆದ ಈ ಅಕ್ಕರೆ ಶಿಖರಕ್ಕಿಂತ ದೊಡ್ಡದು.

ಕಾಲರಾ ಕಂಡ ಶತಮಾನವದು. ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ರೋಗ ಹರಡುತ್ತಿದೆಯೆಂದು 1854ರಲ್ಲಿ ವೈದ್ಯ ಜಾನ್ ಸ್ನೋ ತೋರಿಸಿದ್ದರು. ಬೀದಿಯಲ್ಲಿ ಶುದ್ಧ ನೀರು ಪುಕ್ಕಟೆ ಸಿಗುವುದು ಬಡವರ ಪಾಲಿಗೆ ಜೀವದ ಮಾತಾಗಿತ್ತು. ಕುಡಿತ ಬಿಡಿಸುವ ಚಳವಳಿಯವರೂ ಇಂಥ ಕಾರಂಜಿಗಳನ್ನು ಬೆಂಬಲಿಸಿದರು.

ಸ್ಟ್ರಾಟ್‌ಫರ್ಡ್‌ನ ಕಾರಂಜಿಯ ಕಲ್ಲಿನಲ್ಲಿ ನೀರನ್ನು ಹೊಗಳುವ ಒಂದು ಸಾಲೂ ಇದೆ, ಷೇಕ್ಸ್‌ಪಿಯರ್‌ನದೇ ‘ಟೈಮನ್ ಆಫ್ ಅಥೆನ್ಸ್’ ನಾಟಕದ್ದು. ಎಂಥ ಸೊಗಸಾದ ಆಯ್ಕೆ! ಅನಾವರಣ ಮಾಡಿದವರು ಆ ಕಾಲದ ಮಹಾನಟ ಹೆನ್ರಿ ಇರ್ವಿಂಗ್. ಕವಿಯ ನೆನಪಿಗೆ ಅವರು ಕುಡಿದದ್ದು ಇದೇ ಕಾರಂಜಿಯ ನೀರನ್ನು.