ಪಲ್ಲಾವರದ ಛಲಗಾರ

ಹಿಡಿದದ್ದನ್ನು ಬಿಡದೆ ಬರೆದವರೆಲ್ಲ ಚೆನ್ನಾಗಿ ಬರೆದರು ಎಂದೇನೂ ಇಲ್ಲ. ಆದರೂ ಛಲವನ್ನೇ ಸಾಹಿತ್ಯಗುಣವೆಂದು ಹೊಗಳುವ ಚಾಳಿ ನಮಗಿದೆ. ಹತ್ತು ವರ್ಷ ತಪಸ್ಸು ಮಾಡಿ ಬರೆದದ್ದು ಎಂದರೆ ಸಾಕು, ಪುಟ ತೆರೆಯುವ ಮೊದಲೇ ಕೈಮುಗಿಯುತ್ತೇವೆ. ಈ ಭಕ್ತಿಯನ್ನು ಒರೆಗೆ ಹಚ್ಚಿ ನೋಡಲು ಚೆನ್ನೈನ ಪಲ್ಲಾವರಂನಲ್ಲಿ ಬದುಕಿದ್ದ ತಮಿಳು ಲೇಖಕ ಮರೈಮಲೈ ಅಡಿಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಇಂದಿನ ಪಲ್ಲಾವರಂ ಎಂದರೆ ಶುಕ್ರವಾರದ ಸಂತೆ, ಹೆದ್ದಾರಿಯ ಗದ್ದಲ, ತಲೆಯ ಮೇಲೆ ಹಾರುವ ವಿಮಾನ. 1911ರಲ್ಲಿ ಅದು ಊರಾಚೆಯ ಊರು. ನಾಗಪಟ್ಟಣದಲ್ಲಿ 1876ರಲ್ಲಿ ಹುಟ್ಟಿದ ಅಡಿಗಳು, ಆಗಿನ್ನೂ ವೇದಾಚಲಂ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ತಮಿಳು ಮೇಷ್ಟರಾಗಿದ್ದರು. ಪದವಿ ತರಗತಿಗಳಲ್ಲಿ ದೇಶಭಾಷೆಗೆ ಕಡ್ಡಾಯದ ಸ್ಥಾನ ತಪ್ಪಿದಾಗ ಕೆಲಸ ಬಿಟ್ಟರು, ಪಲ್ಲಾವರಂಗೆ ಬಂದರು, ಕಾವಿ ತೊಟ್ಟರು. ಹೆಂಡತಿ ಮಕ್ಕಳೊಂದಿಗೇ ಇದ್ದ ಸನ್ಯಾಸ ಅದು. 1902ರಲ್ಲಿ ಶುರು ಮಾಡಿದ್ದ 'ಜ್ಞಾನಸಾಗರಂ' ಪತ್ರಿಕೆ ಜೊತೆಗೇ ಬಂತು. ಮುಂದೆ ಸ್ವಂತ ಮುದ್ರಣಾಲಯವೂ ಬಂತು. ಬರೆಯುವವರು, ಅಚ್ಚು ಹಾಕಿಸುವವರು, ಮಾರುವವರು ಎಲ್ಲ ಅವರೇ. ತಿಂಗಳ ಕೊನೆಗೆ ಸಂಬಳ ಬರುವವರ ಶ್ರದ್ಧೆಯೇ ಬೇರೆ, ಸಂಬಳ ಬಿಟ್ಟು ಬಂದವರ ಶ್ರದ್ಧೆಯೇ ಬೇರೆ.

ತನಿತ್ತಮಿಳ್ ಎಂಬ ಶುದ್ಧ ತಮಿಳಿನ ಚಳವಳಿ ಹುಟ್ಟಿದ್ದು 1916ರಲ್ಲಿ. ಮಗಳು ನೀಲಾಂಬಿಕೆಯೊಡನೆ ಸಂತಕವಿ ವಳ್ಳಲಾರರ ಪದ್ಯವೊಂದನ್ನು ಮೆಲುಕು ಹಾಕುತ್ತಿದ್ದಾಗ, ಅಲ್ಲಿದ್ದ ದೇಹವೆಂಬ ಸಂಸ್ಕೃತ ಶಬ್ದದ ಜಾಗದಲ್ಲಿ ತಮಿಳಿನದೇ ಶಬ್ದವಿದ್ದರೆ ಎಷ್ಟು ಚೆನ್ನ ಎನ್ನಿಸಿತಂತೆ. ಹೆಸರು ಮರೈಮಲೈ ಆಯಿತು, ಪತ್ರಿಕೆ 'ಅರಿವುಕ್ಕಡಲ್' ಆಯಿತು. ಇದೆಲ್ಲ ತಮಿಳುನಾಡಿನಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ನನ್ನ ಗಮನವಿರುವುದು ಅದರ ನಂತರ ಅವರು ಮಾಡಿದ ಕೆಲಸದ ಮೇಲೆ. ಹೊಸ ಪುಸ್ತಕಗಳನ್ನು ಶುದ್ಧ ತಮಿಳಿನಲ್ಲಿ ಬರೆದು ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ. 1903ರ 'ಮುಲ್ಲೈಪ್ಪಾಟ್ಟು ಆರಾಯ್ಚಿ', 1906ರ 'ಪಟ್ಟಿನಪ್ಪಾಲೈ ಆರಾಯ್ಚಿ' ಮುಂತಾಗಿ ಆಗಲೇ ಅಚ್ಚಾಗಿ ಹೆಸರು ತಂದಿದ್ದ ತಮ್ಮ ಪುಸ್ತಕಗಳನ್ನು ಮತ್ತೆ ಎದುರಿಗಿಟ್ಟುಕೊಂಡು, ಸಂಸ್ಕೃತ ಶಬ್ದ ಬಂದ ಕಡೆಯಲ್ಲೆಲ್ಲ ನಿಂತು, ವಾಕ್ಯವನ್ನು ಬಿಚ್ಚಿ ಕಟ್ಟಿ ಮರುಮುದ್ರಣಕ್ಕೆ ಕೊಟ್ಟರು. ಶಬ್ದ ಬದಲಾದರೆ ವಾಕ್ಯದ ನಡೆ ಬದಲಾಗುತ್ತದೆ, ನಡೆ ಬದಲಾದರೆ ಹಿಂದುಮುಂದಿನ ವಾಕ್ಯಗಳೂ ಅಲುಗಾಡುತ್ತವೆ. ಬೇಸರದ ಕೆಲಸ. ಮೆಚ್ಚಿಕೊಂಡ ಓದುಗರೂ ಗಮನಿಸದ ಕೆಲಸ. ಅವರ ಬದ್ಧತೆಯ ಅಸಲಿ ಪುರಾವೆ ಘೋಷಣೆಗಳಲ್ಲಿಲ್ಲ, ಈ ತಿದ್ದುಪಡಿಗಳಲ್ಲಿದೆ.

ಇಷ್ಟು ಪಟ್ಟಿನ ಈ ಮನುಷ್ಯ ದಶಕಗಳ ಕಾಲ ತಪ್ಪದೆ ಬರೆದ ದಿನಚರಿ ಇರುವುದು ಇಂಗ್ಲಿಷಿನಲ್ಲಿ! ಇದನ್ನು ಆಷಾಢಭೂತಿತನ ಎಂದು ಹಂಗಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಲೋಕದ ಮುಂದಿಡುವ ಕೃತಿಗೆ ಒಂದು ಶಿಸ್ತು, ತನ್ನ ಮೇಜಿನ ಲೆಕ್ಕಕ್ಕೆ ಇನ್ನೊಂದು. ದೀರ್ಘಕಾಲ ಬರೆಯುವವರಿಗೆ ಇಂಥ ಸಡಿಲವಾದ ಒಂದು ಮೂಲೆ ಬೇಕೇ ಬೇಕು.

ಸೃಜನಶೀಲ ಬರಹಕ್ಕೆ ಬಂದರೆ ನನ್ನ ಮೆಚ್ಚುಗೆ ತಗ್ಗುತ್ತದೆ. 'ಕುಮುದವಲ್ಲಿ' ರೆನಾಲ್ಡ್ಸನ ಇಂಗ್ಲಿಷ್ ಕಾದಂಬರಿಯೊಂದರ ರೂಪಾಂತರ, ಅದು ಹಾಗಿರಲಿ. ಪತ್ರಗಳಲ್ಲೇ ಸಾಗುವ 'ಕೋಕಿಲಾಂಬಾಳ್ ಕಡಿದಂಗಳ್' ಅವರದೇ ಸ್ವತಂತ್ರ ಪ್ರಯೋಗ. ಓಲೆಯ ರೂಪದಲ್ಲಿ ಕಾದಂಬರಿ ಬರೆಯುವ ಧೈರ್ಯ ಮೆಚ್ಚಬೇಕಾದ್ದೇ. ಆದರೆ ಓಲೆ ಬರೆಯುವವಳ ದನಿಗಿಂತ ಬರೆಸುವವರ ದನಿಯೇ ಮೇಲು. ಅವಸರದಲ್ಲಿ, ಅಳುವಿನಲ್ಲಿ ಗೀಚಿದ ಸಾಲೂ ಪಂಡಿತರ ಮಡಿಯುಟ್ಟೇ ಬರುತ್ತದೆ. ಭಾಷೆಯ ವ್ರತ ಪಾತ್ರದ ನಾಲಿಗೆಯನ್ನು ಕಟ್ಟಿಹಾಕಿದೆ.

1930ರಲ್ಲಿ ಬಂದ 'ಮಾಣಿಕ್ಕವಾಸಗರ್ ವರಲಾಱುಂ ಕಾಲಮುಂ' ಇನ್ನೂ ಬಿಗಿಯಾದ ಪರೀಕ್ಷೆ. ಬೃಹತ್ ಗ್ರಂಥ, ಅದರ ಹಿಂದೆ ವರ್ಷಗಟ್ಟಲೆ ದುಡಿಮೆ. ಶೈವ ಸಂತಕವಿ ಮಾಣಿಕ್ಯವಾಚಕರು ಮೂರನೆಯ ಶತಮಾನದವರು ಎಂಬುದು ಅದರ ವಾದ. ಇಂದು ಬಹುಪಾಲು ವಿದ್ವಾಂಸರು ಒಂಬತ್ತನೆಯ ಶತಮಾನದ ಆಸುಪಾಸು ಎನ್ನುತ್ತಾರೆ. ಆಧಾರ ಕೂಡಿಸುವಷ್ಟೇ ಶ್ರದ್ಧೆ ತೀರ್ಮಾನವನ್ನು ಅನುಮಾನಿಸುವುದರಲ್ಲಿ ಇದ್ದಿದ್ದರೆ ಈ ಪುಸ್ತಕದ ಗತಿ ಬೇರೆಯಾಗುತ್ತಿತ್ತು.

ಕನ್ನಡದ ಛಲಗಾರರನ್ನು ಪಕ್ಕಕ್ಕಿಟ್ಟು ನೋಡೋಣ. ಕುವೆಂಪು 1936ರಲ್ಲಿ ಕೈಹಾಕಿದ 'ಶ್ರೀ ರಾಮಾಯಣ ದರ್ಶನಂ' ಮುಗಿದದ್ದು 1946ರಲ್ಲಿ. ಆ ಹತ್ತು ವರ್ಷ ಕಥೆ ಕವಿಯನ್ನು ಮಾಗಿಸಿತು, ಕವಿ ಕಥೆಯನ್ನು ತಿರುಗಿಸಿದರು; ರಾವಣನಿಗೂ ಅಲ್ಲಿ ಉದ್ಧಾರವಿದೆ. ತ.ರಾ.ಸು. ಚಿತ್ರದುರ್ಗವನ್ನು ಕಾದಂಬರಿಯಿಂದ ಕಾದಂಬರಿಗೆ ಹೊತ್ತು ನಡೆದು 1982ರಲ್ಲಿ 'ದುರ್ಗಾಸ್ತಮಾನ' ಕೊಟ್ಟರು, ಎರಡು ವರ್ಷಕ್ಕೆ ತೀರಿಕೊಂಡರು. ಇವರಿಬ್ಬರ ಬದ್ಧತೆ ಕೃತಿಗೆ. ಅಡಿಗಳ ಬದ್ಧತೆ ಕೃತಿಗಿಂತ ಮುಂಚೆಯೇ ಗೊತ್ತಾಗಿದ್ದ ನಿಲುವಿಗೆ. ನಮ್ಮ ಆಂಡಯ್ಯನೂ ಹದಿಮೂರನೆಯ ಶತಮಾನದಲ್ಲಿ ತತ್ಸಮ ಬಿಟ್ಟು 'ಕಬ್ಬಿಗರ ಕಾವ' ಬರೆದ. ಅವನ ವ್ರತ ಒಂದು ಕಾವ್ಯಕ್ಕೆ ಮುಗಿದು ಕುತೂಹಲವಾಗಿ ಉಳಿಯಿತು. ಅಡಿಗಳ ವ್ರತ ಮುಗಿಯಲಿಲ್ಲ, ಹಾಗಾಗಿ ಅದು ನಾಡಿನ ಗದ್ಯವನ್ನೇ ಬದಲಿಸಿತು. ತಮಿಳು ಪತ್ರಿಕೆ, ಭಾಷಣ, ಸರಕಾರಿ ಬರಹಗಳಲ್ಲಿ ಇಂದು ಕಾಣುವ ಎಷ್ಟೋ ಶಬ್ದಗಳ ಹಿಂದೆ ಆ ಚಳವಳಿಯಿದೆ. ಕಾದಂಬರಿಕಾರರಾಗಿ ಸೋತರು, ಗದ್ಯದ ಕಮ್ಮಟದಲ್ಲಿ ಗೆದ್ದರು ಎಂದರೆ ಅನ್ಯಾಯವಾಗದು.

1950ರ ಸೆಪ್ಟೆಂಬರ್ 15ರಂದು ಅವರು ತೀರಿಕೊಂಡರು. ಮನೆಯಲ್ಲಿ ಕೂಡಿಟ್ಟಿದ್ದ ಸುಮಾರು ನಾಲ್ಕು ಸಾವಿರ ಪುಸ್ತಕಗಳು ಮುಂದೆ ಅವರದೇ ಹೆಸರಿನ ಸಾರ್ವಜನಿಕ ಗ್ರಂಥಾಲಯವಾದವು. ತಮಿಳು ಓದಬಲ್ಲ ಕನ್ನಡಿಗರು ಅವರ ಕಾದಂಬರಿಯನ್ನು ಬದಿಗಿಟ್ಟು, 'ಮುಲ್ಲೈಪ್ಪಾಟ್ಟು ಆರಾಯ್ಚಿ'ಯ ಹಳೆಯ ಮುದ್ರಣವನ್ನೂ ತಿದ್ದಿದ ಮುದ್ರಣವನ್ನೂ ಅಕ್ಕಪಕ್ಕ ಇಟ್ಟು ಓದಲಿ. ಅರ್ಧ ಬರೆದ ಹಸ್ತಪ್ರತಿ ಮನೆಯಲ್ಲಿರುವವರಂತೂ ಓದಲೇಬೇಕು.