ನಾಯಿ ಮನಸ್ಸು ಮಾಡಿದಾಗ

ಕೊಳ್ಳೇಗಾಲ, ಹನೂರು, ಯಳಂದೂರಿನ ಸೀಮೆಯಲ್ಲಿ ನಾಯಿಯನ್ನು ಬಲು ಸೂಕ್ಷ್ಮವಾಗಿ ನೋಡಿದವರು ಯಾರು ಎಂದರೆ ನಾನು ಗೊರವರ ಕಡೆ ಬೆರಳು ತೋರಿಸುತ್ತೇನೆ. ಕರಡಿ ಕೂದಲಿನ ಟೊಪ್ಪಿಗೆ, ಕರಿ ಕಂಬಳಿ, ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಕೊಳಲು. ಮೈಲಾರಲಿಂಗನ ಒಕ್ಕಲಾದ ಇವರು ದೋಣಿಸೇವೆಯ ಹೊತ್ತಿಗೆ ದೇವರ ನಾಯಿಗಳಾಗುತ್ತಾರೆ. ದೋಣಿಯೆಂಬ ಪಾತ್ರೆಯಲ್ಲಿಟ್ಟ ಹಾಲು ಬಾಳೆಹಣ್ಣಿಗೆ ಕೈ ಹಚ್ಚದೆ ಬಾಯಿ ಹಾಕುತ್ತಾರೆ, ಬೊಗಳುತ್ತಾರೆ, ಪಕ್ಕದವನ ಮೇಲೆ ಗುರ್ರೆನ್ನುತ್ತಾರೆ. ಬರಿದೆ ಬೊಗಳುವವನು ಸಾಧಾರಣ ಗೊರವ. ಒಳ್ಳೆಯವನು ಗುರ್ರೆನ್ನುವ ಮೊದಲು ಒಂದು ಗಳಿಗೆ ಮೈಯೆಲ್ಲ ಬಿಗಿ ಹಿಡಿಯುತ್ತಾನೆ. ಮುಖ ದೋಣಿಯಲ್ಲೇ ಇರುತ್ತದೆ, ಕಣ್ಣಗುಡ್ಡೆ ಮಾತ್ರ ಓರೆಗೆ ಸರಿದು ಬಿಳಿ ಕಾಣುತ್ತದೆ. ನಾಯಿ ಕಚ್ಚುವ ಮೊದಲು ಮಾಡುವುದು ಇದನ್ನೇ. ಪಶುವೈದ್ಯರು ವಿದ್ಯಾರ್ಥಿಗಳಿಗೆ ಚಿತ್ರ ಬರೆದು ಕಲಿಸುವ ಈ ಲಕ್ಷಣವನ್ನು ಇವರು ಅಂಗಳದಲ್ಲಿ ಕೂತು ನೋಡಿಯೇ ಕಲಿತಿದ್ದಾರೆ.

ನಾಯಿಗಳ ಪಂದ್ಯ, ಪ್ರದರ್ಶನ ನೋಡಲು ನೆರೆಯುವ ನಮಗೆ ಈ ಕಣ್ಣು ಇಲ್ಲ. ಎಷ್ಟು ಎತ್ತರ ಹಾರಿತು, ಎಷ್ಟು ಸೆಕೆಂಡಿನಲ್ಲಿ ಮುಗಿಸಿತು, ಕಪ್ಪು ಯಾರಿಗೆ ಬಂತು ಎಂದು ನೋಡಿ ಮನೆಗೆ ಬರುತ್ತೇವೆ. ಹಾಡು ಕೇಳಲು ಹೋಗಿ ಗಾಯಕನ ಬಾಯಿ ಎಷ್ಟು ಅಗಲ ತೆರೆಯಿತೆಂದು ಅಳೆದು ಬಂದ ಹಾಗೆ. ಬೆದರಿದ ನಾಯಿಯೂ ಹಾರುತ್ತದೆ, ಖುಷಿಯ ನಾಯಿಯೂ ಹಾರುತ್ತದೆ. ನೋಡಬೇಕಾದ್ದು ಆ ಎರಡು ಹಾರಿಕೆಗಳ ನಡುವಿನ ವ್ಯತ್ಯಾಸವನ್ನು. ಅದನ್ನು ಒಮ್ಮೆ ಕಂಡವನಿಗೆ ಬೆದರಿದ ನಾಯಿಯ ಆಟ ಎಷ್ಟೇ ಚೊಕ್ಕವಾಗಿದ್ದರೂ ರುಚಿಸುವುದಿಲ್ಲ. ನಾಯಿಯ ಸುಖ ಮೊದಲು ಎನ್ನುವುದು ದಯೆಯ ಮಾತು ನಿಜ. ನನಗೆ ಅದು ಮೊದಲು ರಸದ ಮಾತು.

ಏನೇನು ನೋಡಬೇಕು? ನಿದ್ದೆಯಿಲ್ಲದೆ ಆಕಳಿಸುವುದು. ಎದುರಿಗೆ ತಿಂಡಿಯಿಲ್ಲದಿದ್ದರೂ ತುಟಿ ಸವರಿಕೊಳ್ಳುವುದು. ಮೈ ಒದ್ದೆಯಾಗದಿದ್ದರೂ ಕೊಡವಿಕೊಳ್ಳುವುದು. ಒಡೆಯ ಕರೆದಾಗ ಬರುವ ಮೊದಲು ನೆಲ ಮೂಸುತ್ತ ಹೊತ್ತು ಕಳೆಯುವುದು. ಇವು ಸೋಮಾರಿತನದ ಗುರುತಲ್ಲ, ಮೊಂಡುತನದ್ದೂ ಅಲ್ಲ. ಒಳಗಿನ ಕಸಿವಿಸಿ ಹೊರಬೀಳುವ ದಾರಿಗಳು. ಇನ್ನು ಬಾಲ. ನಾಯಿ ಬಾಲ ಡೊಂಕು ಎಂದು ಆಡಿಕೊಂಡವರು ಅದನ್ನು ನೆಟ್ಟಗೆ ಮಾಡುವುದರಲ್ಲೇ ಇದ್ದರು, ಓದಲಿಲ್ಲ. 2007ರಲ್ಲಿ ಇಟಲಿಯ ವಿಜ್ಞಾನಿಗಳು ಕ್ಯಾಮೆರಾ ಇಟ್ಟು ನೋಡಿದಾಗ, ಒಡೆಯನನ್ನು ಕಂಡ ನಾಯಿಯ ಬಾಲ ತುಸು ಬಲಕ್ಕೆ ಹೆಚ್ಚು ಬೀಸುತ್ತಿತ್ತು, ಗುರುತಿಲ್ಲದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ. ಅಷ್ಟು ಸಣ್ಣ ವ್ಯತ್ಯಾಸ ಬರಿಗಣ್ಣಿಗೆ ಸಿಗುವುದು ಕಷ್ಟ. ಆದರೆ ಬಾಲದ ಜೊತೆ ಸೊಂಟವೂ ಆಡುತ್ತಿದೆಯೇ, ಇಲ್ಲ ಬಾಲದ ತುದಿಯೊಂದೇ ಕಡ್ಡಿಯಂತೆ ನಡುಗುತ್ತಿದೆಯೇ ಎಂಬುದನ್ನು ಯಾರೂ ನೋಡಬಹುದು.

ಸೊಂಟ ಆಡುವ ನಾಯಿಗಳನ್ನು ನೋಡಲು ಹನೂರಿನಿಂದ ಮುಂದಕ್ಕೆ, ಕೌದಳ್ಳಿ, ರಾಮಾಪುರ, ಪೊನ್ನಾಚಿಯ ಕಡೆಗೆ ಹೋಗಬೇಕು. ಅಲ್ಲಿ ದನದ ದೊಡ್ಡಿಗಳಿವೆ, ಆಡು ಕುರಿಯ ಮಂದೆಗಳಿವೆ, ಮಂದೆಯ ಜೊತೆ ಕಂತ್ರಿ ನಾಯಿಗಳಿವೆ. ಇವಕ್ಕೆ ಯಾರೂ ಪಾಠ ಹೇಳಿಲ್ಲ. ಕಣ್ಣು ಬಿಟ್ಟ ಮರಿಯಾಗಿದ್ದಾಗಿನಿಂದ ಆಡಿನ ಮರಿಗಳ ನಡುವೆ ಹೊರಳಾಡಿ ಬೆಳೆದದ್ದೇ ಪಾಠ. ಮಂದೆ ಇಳಿಜಾರಿನಲ್ಲಿ ಮೇಯುತ್ತಿದ್ದರೆ ನಾಯಿ ಎಲ್ಲಿದೆಯೆಂದು ಹುಡುಕಿ ನೋಡಿ. ಮುಂದೆಯೂ ಇರುವುದಿಲ್ಲ, ಹಿಂದೆಯೂ ಇರುವುದಿಲ್ಲ. ಎಲ್ಲ ಬೆನ್ನುಗಳೂ ಒಟ್ಟಿಗೆ ಕಾಣುವ ಒಂದು ಬಂಡೆಯ ನೆರಳಲ್ಲಿ ಗದ್ದ ಊರಿ ಮಲಗಿರುತ್ತದೆ. ಮರಿಯೊಂದು ಪೊದೆಯ ಹಿಂದೆ ಉಳಿದರೆ ಏಳುತ್ತದೆ. ಬೊಗಳುವುದಿಲ್ಲ. ಸುತ್ತು ಹಾಕಿಕೊಂಡು ಹೋಗಿ ಅದರ ಹಿಂದೆ ನಿಲ್ಲುತ್ತದೆ, ಮರಿ ತಾನಾಗಿ ನಡೆಯುತ್ತದೆ, ನಾಯಿ ಮತ್ತೆ ಅದೇ ನೆರಳಿಗೆ. ವ್ಯರ್ಥವಾದ ಒಂದು ಹೆಜ್ಜೆಯೂ ಇಲ್ಲ. ಕೆಲಸ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅಭಿನಯ ನನಗೆ ಗೊತ್ತಿಲ್ಲ.

ಮಂದೆ ಕಾಯುವವನೂ ನಾಯಿಯ ಹದ ಬಲ್ಲ. ಮುದ್ದೆಯಲ್ಲಿ ಪಾಲು, ಮಧ್ಯಾಹ್ನ ನೆರಳು, ಸಂಜೆ ಕಿವಿಯೊಳಗಿನ ಉಣ್ಣೆ, ಪಾದದ ಮುಳ್ಳು ತೆಗೆಯುವುದು. ನಾಯಿ ಏಳದಿದ್ದರೆ "ಇವತ್ತು ಅದ್ಕ ಆಗ್ದು, ಬುಡಿ ಬುದ್ದಿ" ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ಪಂದ್ಯದ ನಾಯಿಗೆ ಈ ರಜೆ ಸಿಗುವುದೇ ದುರ್ಲಭ. ಹಾಗೆಂದು ಈ ಬಾಳನ್ನು ಬಣ್ಣಿಸಿ ಕೂರುವುದೂ ಬೇಡ. ಚಿರತೆಗೆ ಈ ಸೀಮೆಯಲ್ಲಿ ನಾಯಿ ಸುಲಭದ ಊಟ. ಎಷ್ಟೋ ನಾಯಿಗಳು ಒಂದು ಲಸಿಕೆಯನ್ನೂ ಕಾಣದೆ ಸಾಯುತ್ತವೆ. ಡಿಸ್ಟೆಂಪರ್ ರೋಗ ಊರ ನಾಯಿಯಿಂದ ಕಾಡಿಗೆ ದಾಟಿದರೆ ಬಿಳಿಗಿರಿರಂಗನ ಬೆಟ್ಟದ ಸೀಳುನಾಯಿಗಳ ಗುಂಪಿಗೇ ಕುತ್ತು. ಯಳಂದೂರು ಕಡೆಯ ಕಾಡಂಚಿನ ಒಂದು ನಾಯಿಗೆ ಸೂಜಿ ಚುಚ್ಚಿದರೆ ಅದರ ಕಾಣದ ನೆಂಟರಿಗೂ ಕಾವಲು ಸಿಕ್ಕ ಹಾಗೆ.

ಪೇಟೆಯ ಕತೆ ಬೇರೆ. ಕೊಳ್ಳೇಗಾಲದ ಬಡಾವಣೆಗಳಲ್ಲಿ ಈಗ ಲ್ಯಾಬ್ರಡಾರ್, ಪಗ್, ರಾಟ್‌ವೀಲರ್ ಎಲ್ಲ ಇವೆ. ಜಾತಿ ನಾಯಿಗೆ ಇಂಗ್ಲಿಷು, ಕಂತ್ರಿಗೆ ಕನ್ನಡ ಎಂಬುದು ನಮ್ಮಲ್ಲಿ ಬರೆಯದ ಕಾನೂನು. ಗೇಟಿನ ಒಳಗಿನದಕ್ಕೆ 'ಸಿಟ್', ಹೊರಗಿನದಕ್ಕೆ 'ಹಚ್ಚಾ'. ಮೈಸೂರು ದಸರೆಯ ಮುದ್ದುಪ್ರಾಣಿಗಳ ಪ್ರದರ್ಶನಕ್ಕೆ ನರಸೀಪುರದ ಮೇಲೆ ಕಾರಿನಲ್ಲಿ ಕರೆದೊಯ್ಯುವವರಿದ್ದಾರೆ. ಹೋಗಲಿ, ತಪ್ಪೇನಿಲ್ಲ. ಆದರೆ ಅಲ್ಲಿ ಒಂದು ಮುಧೋಳ ನಾಯಿ ಕಂಡರೆ ನಿಂತು ನೋಡಿ.

ಬಾಗಲಕೋಟೆ ಜಿಲ್ಲೆಯ ಮುಧೋಳದ ಈ ಬೇಟೆನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಆಮೇಲೆ ಸೇನೆಯ ತರಬೇತಿಗೂ ಹೋಯಿತು. ಬಿಗಿದ ಬಿಲ್ಲಿನ ಮೈ, ಒಳಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಹೊಟ್ಟೆಗೆ ಹಾಕಿಲ್ಲವೇನೋ ಎಂದು ಮರುಗುವವರೂ ಉಂಟು; ಅದರ ಚಂದವೇ ಆ ತೆಳುವಿನಲ್ಲಿದೆ. ಪೂರಾ ವೇಗಕ್ಕೆ ಬಿಟ್ಟಾಗ ಒಂದೊಂದು ನೆಗೆತದಲ್ಲಿ ಎರಡೆರಡು ಸಲ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ: ಒಮ್ಮೆ ಮೈ ಮುದುಡಿದಾಗ, ಒಮ್ಮೆ ನೀಳವಾಗಿ ಚಾಚಿದಾಗ. ಇಂಥ ನಾಯಿಯನ್ನು ಶಾಮಿಯಾನದ ಕೆಳಗೆ ಮೈಕಿನ ಅಬ್ಬರದಲ್ಲಿ ನಿಲ್ಲಿಸುತ್ತಾರೆ. ಅಪರಿಚಿತರ ಕೈ ಮೈಗೆ ತಾಗುವುದು ಇದಕ್ಕೆ ಸಲ್ಲದು. ತೀರ್ಪುಗಾರ ಬಂದು ಹಲ್ಲು ನೋಡುತ್ತಾನೆ, ಬೆನ್ನು ಒತ್ತುತ್ತಾನೆ. ನಾಯಿ ಸಹಿಸಿಕೊಳ್ಳುತ್ತದೆ. ನಾವು ನೋಡುತ್ತಿರುವುದು ಅದರ ಸಹನೆಯನ್ನೇ ಹೊರತು ಸೊಬಗನ್ನಲ್ಲ. ಪಕ್ಕದಲ್ಲಿ ಕಿವಿ ಕತ್ತರಿಸಿ ನೆಟ್ಟಗೆ ನಿಲ್ಲಿಸಿದ ಡಾಬರ್‌ಮನ್ ಇರುತ್ತದೆ. ಕಿವಿಯೂ ಮಾತಾಡುವ ಅಂಗವೇ. ಕತ್ತರಿಸಿದವರು ಅದರ ಅರ್ಧ ನಾಲಿಗೆಯನ್ನೇ ತೆಗೆದಿದ್ದಾರೆ.

ಹೊಡೆದು, ಜಗ್ಗಿ, ಬೆದರಿಸಿ ಕಲಿಸಿದ್ದೂ ಹೀಗೆಯೇ ಮೈಯಲ್ಲಿ ಉಳಿಯುತ್ತದೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಅಭ್ಯಾಸ ಮಾಡಿದ ಸಂಶೋಧನೆಯೊಂದು 2020ರಲ್ಲಿ ಪ್ರಕಟವಾಯಿತು. ಗದರುವ, ಸರಪಳಿ ಎಳೆಯುವ ಶಾಲೆಯ ನಾಯಿಗಳು ತರಬೇತಿಯ ನಡುವೆ ಹೆಚ್ಚು ತುಟಿ ಸವರುತ್ತಿದ್ದವು, ಹೆಚ್ಚು ಆಕಳಿಸುತ್ತಿದ್ದವು. ಪಾಠದ ನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಏರಿತ್ತು. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಪರೀಕ್ಷೆ. ಒಂದು ಕಡೆ ಇಟ್ಟ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಕಡೆಯದು ಯಾವಾಗಲೂ ಖಾಲಿ ಎಂದು ನಾಯಿಗೆ ರೂಢಿ ಮಾಡಿಸಿ, ಆಮೇಲೆ ಬಟ್ಟಲನ್ನು ನಡುವೆ ಎಲ್ಲೋ ಇಡುತ್ತಾರೆ. ತಿಂಡಿ ಕೊಟ್ಟು, ಆಡಿಸಿ ಕಲಿಸಿದ ನಾಯಿ ಇದರಲ್ಲೂ ಇರಬಹುದೆಂದು ಓಡುತ್ತದೆ. ಬಲು ಬೆದರಿಕೆಯಲ್ಲಿ ಬೆಳೆದದ್ದು ನಿಧಾನಿಸುತ್ತದೆ, ಒಳ್ಳೆಯದನ್ನು ಎದುರು ನೋಡುವುದನ್ನೇ ಕಡಿಮೆ ಮಾಡಿಕೊಂಡಿರುತ್ತದೆ. ಕಪ್ಪು ಗೆದ್ದ ನಾಯಿಯನ್ನು ಮನೆಯಲ್ಲಿ ಬಟ್ಟಲ ಮುಂದೆ ನಿಲ್ಲಿಸಿ ನೋಡಿದರೆ ಪಂದ್ಯದ ನಿಜವಾದ ಫಲಿತಾಂಶ ಗೊತ್ತಾದೀತು.

ಮೂಗಿನ ಕೆಲಸದಲ್ಲಿ ಬೆದರಿಕೆ ಇನ್ನೂ ಬೇಗ ಸೋಲುತ್ತದೆ. ಹಾರು ಎಂದು ಬೆತ್ತ ತೋರಿಸಿ ಹಾರಿಸಬಹುದು, ಮೂಸು ಎಂದು ಬೆತ್ತ ತೋರಿಸಿ ಮೂಸಿಸಲಾಗದು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಐವತ್ತು ಅರವತ್ತು ಲಕ್ಷವಾದರೆ ನಾಯಿಯಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು. ಮೂಗಿನ ಹೊಳ್ಳೆಯ ಪಕ್ಕದಲ್ಲಿ ಸಣ್ಣ ಸೀಳು ಇರುತ್ತದೆ, ಬಿಟ್ಟ ಉಸಿರು ಅದರಿಂದ ಹಿಂದಕ್ಕೆ ಹೋಗುತ್ತದೆ. ಮುಂದಿನ ವಾಸನೆ ಕದಡುವುದಿಲ್ಲ. ಸೆಕೆಂಡಿಗೆ ಐದು ಸಲದಂತೆ ಮೂಸುತ್ತ, ನೆಲದ ಮೇಲೆ ಹಾವಿನಂತೆ ಅತ್ತಿತ್ತ ಹೊರಳುತ್ತ ಬಂದ ನಾಯಿ ಒಂದು ಕಡೆ ಗಕ್ಕನೆ ತಲೆ ತಿರುಗಿಸುತ್ತದಲ್ಲ, ಆ ತಿರುವು ಯಾವ ರಾಗದ ತಿರುವಿಗೂ ಕಡಿಮೆಯಿಲ್ಲ. ಮೈ ಮುಂದಕ್ಕೆ ಹೋಗುತ್ತಿರುತ್ತದೆ, ಮೂಗು ಆಗಲೇ ಹಿಂದಕ್ಕೆ ಬಂದಿರುತ್ತದೆ.

ನೆರೆಯ ಬಂಡೀಪುರದಲ್ಲಿ ರಾಣಾ ಎಂಬ ಜರ್ಮನ್ ಶೆಫರ್ಡ್ ಇಂಥ ಕೆಲಸಕ್ಕೆ ಹೆಸರಾಗಿತ್ತು. ಭೋಪಾಲಿನಲ್ಲಿ ತನ್ನ ಪಾಲಕನ ಜೊತೆಯಲ್ಲೇ ತಿಂಗಳುಗಟ್ಟಲೆ ಕಲಿತು ಬಂದು ಕಳ್ಳಬೇಟೆಯ ಜಾಡು ಹಿಡಿಯುತ್ತಿತ್ತು. 2019ರಲ್ಲಿ ಗುಂಡ್ಲುಪೇಟೆ ಕಡೆ ಜನರನ್ನು ಕೊಂದ ಹುಲಿಯನ್ನು ಹುಡುಕುವಾಗಲೂ ಅದನ್ನು ಕರೆದೊಯ್ದರು. ಇಂಥ ನಾಯಿಗಳಿಗೆ ಸಿಗುವ ಸಂಬಳ ಸಾಮಾನ್ಯವಾಗಿ ಒಂದು ಚೆಂಡು, ಅದನ್ನು ಹಿಡಿದು ಎರಡು ನಿಮಿಷದ ಎಳೆದಾಟ. ನಾಯಿಗೆ ಹುಲಿಯೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ. ಆಟದ ಕೊನೆಗೆ ಚೆಂಡು ಇದೆ ಎಂಬುದು ಗೊತ್ತು. ಆ ಆಟ ಕೆಡದ ಹಾಗೆ ನೋಡಿಕೊಳ್ಳುವುದೇ ಪಾಲಕನ ಕುಶಲತೆ. ಬಿಸಿಲೇರಿದರೆ ನಿಲ್ಲಿಸಬೇಕು, ಏಕೆಂದರೆ ನಾಯಿಗೆ ಬೆವರುವುದು ಪಾದದಲ್ಲಿ ಮಾತ್ರ. ಮೈಯ ಕಾವು ಇಳಿಸಲು ಬಾಯಿ ತೆರೆದು ತೇಕಬೇಕು, ತೇಕುವ ನಾಯಿ ಚೆನ್ನಾಗಿ ಮೂಸಲಾರದು. ಸಹಜವಾಗಿಯೇ 38–39 ಡಿಗ್ರಿ ಇರುವ ಮೈ 41 ದಾಟಿತೆಂದರೆ ಪ್ರಾಣಕ್ಕೇ ಸಂಚಕಾರ. ಬಿಸಿಲೊಂದೇ ಅಲ್ಲ, ಕಾಡಿನಲ್ಲಿ ಉರುಳೂ ಇದೆ, ವಿಷವೂ ಇದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತದ್ದು ವಿಷ ಹಾಕಿದ ಹಸುವಿನ ಮಾಂಸದಿಂದ. ಅಂಥ ಕಡೆ ಮೂಗು ಮುಂದೆ ಮಾಡಿ ನಡೆಯುವ ಜೀವವನ್ನು ಒಂದೇ ಕರೆಗೆ ಹಿಂದೆ ತರಬೇಕಾದರೆ ಆ ಕರೆಯಲ್ಲಿ ಭಯ ಇರಬಾರದು.

ಮೆಚ್ಚುಗೆಯೊಂದೇ ನಾಯಿಯನ್ನು ಕಾಯುವುದಿಲ್ಲ ಎಂಬುದಕ್ಕೆ ಹಳೆಯ ಸಾಕ್ಷಿ ಮದ್ದೂರು ಸೀಮೆಯ ಆತಕೂರಿನ ಕಲ್ಲು. ಕ್ರಿ.ಶ. 949–50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಅರಸ ಬೇಕಾದ್ದು ಕೇಳು ಎಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಎಂಥ ರಸಿಕ! ಆಮೇಲೆ ಅದನ್ನು ಬೆಳತೂರಿನ ಬಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ ಹಂದಿಗಳ ಸೆಣಸಾಟವನ್ನು ಕೆತ್ತಿಸಿದರು, ಭೂಮಿ ಬಿಟ್ಟರು, ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ ಊಟ ಮಾಡಕೂಡದೆಂದು ಕಟ್ಟಳೆ ಬರೆಸಿದರು. ಆ ಕೆತ್ತನೆಯ ನಾಯಿಯ ಬಿಗುಪು ಕಂಡಾಗ ಕೈ ಮುಗಿಯುವ ಹಾಗಾಗುತ್ತದೆ. ಆದರೂ ನನಗೆ ಮಣಲೇರನ ಮೇಲಿನ ಸಿಟ್ಟು ಹೋಗಿಲ್ಲ. ಇಷ್ಟು ಮೆಚ್ಚಿದವನು ಛೂ ಬಿಡದೆ ಇರಬಹುದಿತ್ತು.

ಛೂ ಬಿಟ್ಟು ಬೇಟೆಯಾಡುವುದು ಈಗ ಅಪರಾಧ. ನಾಯಿಗಳನ್ನು ಕಾದಾಡಿಸುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ನಿಷೇಧಿಸಿದೆ. ಪ್ರದರ್ಶನದ ಲೋಕವೂ ತಡವಾಗಿ ತಿದ್ದಿಕೊಳ್ಳುತ್ತಿದೆ. ಲಂಡನ್ನಿನ ಕೆನಲ್ ಕ್ಲಬ್ ನಡೆಸುವ ಕ್ರಫ್ಟ್ಸ್ ಪ್ರದರ್ಶನದಲ್ಲಿ 2012ರಲ್ಲಿ ಮೊದಲ ಸಲ ಹದಿನೈದು ತಳಿಗಳ ವಿಜೇತರನ್ನು ಪಶುವೈದ್ಯರ ಮುಂದೆ ನಿಲ್ಲಿಸಿದರು. ಬುಲ್‌ಡಾಗ್, ಪೆಕಿನೀಸ್ ಸೇರಿ ಆರು ಅನುತ್ತೀರ್ಣ! ಉಸಿರಾಡಲು ಒದ್ದಾಡುವ ಮೂಗನ್ನೂ ನೀರಾಡುವ ಕಣ್ಣನ್ನೂ ಅಂದವೆಂದು ಅಷ್ಟು ವರ್ಷ ಬಹುಮಾನಿಸುತ್ತ ಬಂದಿದ್ದರು.

ಕೊಳ್ಳೇಗಾಲದಲ್ಲೇ ಒಂದು ನಾಯಿ ಪಂದ್ಯ ನಡೆಸಲು ನನ್ನ ಕೈಗೆ ಕೊಟ್ಟರೆ ಹೇಗೆಂದು ಆಗಾಗ ಲೆಕ್ಕ ಹಾಕುತ್ತೇನೆ. ಮಾರ್ಗಶಿರದ ಚಳಿಯಲ್ಲಿ, ಕೊಯ್ಲಾದ ಗದ್ದೆ ಬಯಲಲ್ಲಿ. ಟಾರು, ಕಾಂಕ್ರೀಟು ಬೇಡ. ಬೆಳಗ್ಗೆ ಏಳಕ್ಕೆ ಶುರು, ಹತ್ತಕ್ಕೆ ಮುಗಿಯಿತು. ಮೈಕು, ತಮಟೆ, ಪಟಾಕಿ ಇಲ್ಲ. ಬಾಗಿಲಲ್ಲಿ ಪಶುವೈದ್ಯರು ಲಸಿಕೆಯ ಚೀಟಿ, ಪಾದ, ಹಲ್ಲು ನೋಡಿ ಒಳಗೆ ಬಿಡುತ್ತಾರೆ. ನಾಯಿ ಬಾಲ ಒಳಗೆ ಸೇರಿಸಿದರೆ ಒಡೆಯ ಹಿಂದೆ ಸರಿಯಬಹುದು, ಕೊಟ್ಟ ಹಣ ವಾಪಸು. ಆಟ ಒಂದೇ: ಹತ್ತು ಮಡಕೆ ಬೋರಲು ಹಾಕಿ, ಒಂದರ ಕೆಳಗೆ ಒಣಮೀನಿನ ಚೂರು. ಗಡಿಯಾರ ಇಲ್ಲ. ಸಿಕ್ಕಿದ್ದನ್ನು ನಾಯಿಯೇ ತಿನ್ನಬೇಕು. ಗೆದ್ದವರಿಗೆ ಒಂದು ಮೂಟೆ ರಾಗಿ.

ಕಂತ್ರಿಗಳಿಗೆ ಪ್ರವೇಶ ಪುಕ್ಕಟೆ. ಪೊನ್ನಾಚಿ ಕಡೆಯವರನ್ನೂ ಕರೆಯುವ ಆಸೆ. ಅವರು ಬರಲಾರರು. ಬೆಳಗ್ಗೆ ಏಳಕ್ಕೆ ಮಂದೆ ದೊಡ್ಡಿ ಬಿಡುತ್ತದೆ, ನಾಯಿಗೆ ಪುರುಸೊತ್ತು ಇರುವುದಿಲ್ಲ.