ತನ್ನ ಕೇಡನ್ನು ಹೊರಗೆ ಹಾಕಿದ ದೇವರು

ಅಕಿರಾ ಟೊರಿಯಾಮಾ ಅವರ ‘ಡ್ರ್ಯಾಗನ್ ಬಾಲ್’ ಕಥೆಯಲ್ಲಿ 23ನೆಯ ತೆಂಕಾಯಿಚಿ ಬುಡೋಕಾಯಿ ಪಂದ್ಯಾವಳಿಯ ಸೆಮಿಫೈನಲ್‌ಗೆ ಇಬ್ಬರು ಕಣಕ್ಕಿಳಿಯುತ್ತಾರೆ. ಒಬ್ಬ ಶೆನ್, ನೋಡಲು ತೀರಾ ಸಾಮಾನ್ಯನಾದ ನಡುವಯಸ್ಕ. ಇನ್ನೊಬ್ಬ ಹಸಿರು ಮೈಯ ಪಿಕೊಲೊ. ಶೆನ್‌ನ ಮೈಯೊಳಗೆ ಹೊಕ್ಕು ಬಂದಿರುವವನು ಭೂಮಿಯ ಕಾವಲು ದೇವರು, ಎಲ್ಲರೂ ಕಾಮಿಸಾಮ ಎಂದು ಕರೆಯುವಾತ. ಇಬ್ಬರೂ ನೆರೆದವರಿಗೆ ಅರ್ಥವಾಗದ ಒಂದು ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಆಮೇಲೆ ದೇವರು ಮಫೂಬಾ ಎಂಬ ಬಂಧನ ವಿದ್ಯೆಯಿಂದ ಪಿಕೊಲೊನನ್ನು ಪುಟ್ಟ ಸೀಸೆಯೊಂದರಲ್ಲಿ ಸೆರೆಹಿಡಿಯಲು ಹೋದರೆ, ಪಿಕೊಲೊ ಅದೇ ವಿದ್ಯೆಯನ್ನು ತಿರುಗಿಸಿ ದೇವರನ್ನೇ ಸೀಸೆಗೆ ತುಂಬಿ ಮುಚ್ಚಿ, ನುಂಗಿಬಿಡುತ್ತಾನೆ. ಕೊಲ್ಲುವಂತಿಲ್ಲ, ಕೊಂದರೆ ತಾನೂ ಸಾಯುತ್ತಾನೆ. ಹೀಗಾಗಿ ದೇವರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಫೈನಲ್ ಆಡುತ್ತಾನೆ. ಜಪಾನಿನ ಹುಡುಗರ ಮಾಂಗಾ ಪರಂಪರೆ ದೇವರನ್ನೂ ದುಷ್ಟನನ್ನೂ ಒಂದೇ ಹಗ್ಗಕ್ಕೆ ಕಟ್ಟಿದ ಚಿತ್ರಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಕಂಡಿಲ್ಲ.

‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ 1984ರಿಂದ 1995ರವರೆಗೆ ಬಂದ ಈ ಕಥೆಯನ್ನು ಹೊಡೆದಾಟದ ಕಥೆಯೆಂದೇ ಎಲ್ಲರೂ ನೆನೆಯುತ್ತಾರೆ. ಹೊಡೆದಾಟ ಬೇಕಾದಷ್ಟಿದೆ, ನಿಜ. ಆದರೆ ಅದರ ನಡುವೆ ಒಂದು ಧರ್ಮಸಂಕಟದ ಕಥೆಯೂ ಇದೆ. ದೇವರ ಪದವಿ ಬಯಸಿದ ಒಬ್ಬನಿಗೆ ಹಿಂದಿನ ದೇವರು, ನಿನ್ನ ಮನಸ್ಸಿನಲ್ಲಿ ಕೇಡಿನ ಅಂಶವಿದೆ, ನೀನು ತಕ್ಕವನಲ್ಲ ಎನ್ನುತ್ತಾನೆ. ಅವನು ಸಾಧನೆ ಮಾಡಿ ಆ ಕೇಡನ್ನು ಮೈಯಿಂದ ಹೊರದಬ್ಬುತ್ತಾನೆ. ಪದವಿ ಸಿಗುತ್ತದೆ. ಹೊರಬಿದ್ದ ಕೇಡು ಪಿಕೊಲೊ ಮಹಾಸುರನಾಗಿ ಊರೂರು ಹಾಳು ಮಾಡುತ್ತದೆ.

ಟೋಯಿ ಆನಿಮೇಷನ್ 1986ರಿಂದ 1989ರವರೆಗೆ 153 ಕಂತುಗಳಲ್ಲಿ ತೆಗೆದ ಆನಿಮೆಯಲ್ಲಿ ಮುದಿ ಪಿಕೊಲೊ ಮಹಾಸುರನಿಗೂ ದೇವರಿಗೂ ದನಿ ಕೊಟ್ಟವರು ಒಬ್ಬರೇ, ತಕೇಶಿ ಆವೊನೊ. ಒಬ್ಬನಲ್ಲಿ ಕರ್ಕಶ, ಇನ್ನೊಬ್ಬನಲ್ಲಿ ಬಳಲಿಕೆ, ಕಂಠ ಮಾತ್ರ ಅದೇ. ಕಣ್ಣು ಮುಚ್ಚಿ ಕೇಳಿದರೆ ಅವರಿಬ್ಬರ ನಂಟು ಕಿವಿಗೇ ತಿಳಿಯುತ್ತದೆ.

ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಅಡಗಿರುವ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಅಲ್ಲಿ ರಾಜಕುಮಾರನಿಗಿರುವ ಕಷ್ಟವೆಲ್ಲ ಗಿಳಿಯನ್ನು ಹುಡುಕುವುದು. ಸಿಕ್ಕಮೇಲೆ ಕತ್ತು ಹಿಸುಕಲು ಯಾವ ಅಳುಕೂ ಇಲ್ಲ. ಟೊರಿಯಾಮಾ ಗಿಳಿಯ ಜಾಗದಲ್ಲಿ ದೇವರನ್ನು ಕೂರಿಸಿದರು. ಅಷ್ಟೇ ಅಲ್ಲ, ಸತ್ತವರನ್ನು ಬದುಕಿಸುವ ಡ್ರ್ಯಾಗನ್ ಬಾಲ್‌ಗಳನ್ನು ಮಾಡಿದವನೂ ಅವನೇ. ಅವನು ಸತ್ತರೆ ಅವು ಬರೀ ಕಲ್ಲು. ಪಿಕೊಲೊನನ್ನು ಕೊಂದರೆ ಲೋಕಕ್ಕಿರುವ ಕೊನೆಯ ಆಸರೆಯೂ ಹೋಗುತ್ತದೆ.

ಇಲ್ಲಿ ಕಥೆ ತಾನಾಗಿ ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆಯನ್ನು ಓದುಗ ಕೇಳಲೇಬೇಕು. ಮಹಾಸುರನನ್ನು ಮೊದಲ ಸಲ ತಡೆದವನು ಮುತೈಟೊ ಎಂಬ ಮನುಷ್ಯ. ಮಫೂಬಾದಿಂದ ಅವನನ್ನು ಒಂದು ಅನ್ನದ ಕುಕ್ಕರಿನಲ್ಲಿ ಬಂಧಿಸಿ, ಆ ಶ್ರಮಕ್ಕೆ ತನ್ನ ಪ್ರಾಣವನ್ನೇ ತೆತ್ತ. ಎರಡನೆಯ ಸಲ ಮಹಾಸುರನನ್ನು ಕೊಂದವನು ಗೋಕು ಎಂಬ ಹುಡುಗ; ಸಾಯುವ ಮುನ್ನ ಮಹಾಸುರ ಬಿಟ್ಟುಹೋದ ಮರುಹುಟ್ಟೇ ಪಂದ್ಯಾವಳಿಯ ಪಿಕೊಲೊ. ದೇವರು ತಾನೇ ಸತ್ತಿದ್ದರೆ ಮಹಾಸುರ ಕುಳಿತಲ್ಲೇ ಸಾಯುತ್ತಿದ್ದ. ಆ ದಾರಿ ಅಷ್ಟು ಕಾಲವೂ ತೆರೆದೇ ಇತ್ತು. ಪಂದ್ಯಾವಳಿಯ ಕೊನೆಯಲ್ಲಿ, ನನ್ನ ಚಿಂತೆ ಬಿಡು, ಅವನನ್ನು ಮುಗಿಸು ಎಂದು ದೇವರು ಗೋಕುವಿಗೆ ಹೇಳುವಾಗ ಆ ಮಾತಿನಲ್ಲಿ ತ್ಯಾಗವಿದೆ, ಸಂಶಯವಿಲ್ಲ. ಆದರೆ ಬಹಳ ತಡವಾಗಿ ಬಂದ ತ್ಯಾಗ ಅದು, ಕೊಲ್ಲುವ ಕೈಯೂ ಬೇರೆಯವರದು. ಪದವಿಗೆ ತಕ್ಕವನಾಗಲು ಒಬ್ಬ ತನ್ನ ಕೊಳೆಯನ್ನು ಬೀದಿಗೆ ಸುರಿದ. ಅದನ್ನು ಬಳಿದವರು ಬೀದಿಯಲ್ಲಿದ್ದವರು. ಹುಡುಗರಿಗಾಗಿ ಬರೆದ ಕಥೆಯೊಂದು ಪಾವಿತ್ರ್ಯದ ಬಗ್ಗೆ ಇಷ್ಟು ಕಟುವಾದ ಸತ್ಯ ಹೇಳಿದೆ ಎಂಬುದೇ ನನಗೆ ಅದರ ಮೇಲಿರುವ ಗೌರವಕ್ಕೆ ಕಾರಣ.

ಜಪಾನಿನ ಶಿಂಟೊ ಸಂಪ್ರದಾಯ ದೇವರನ್ನು ಹೀಗೆ ಸೀಳುವುದಿಲ್ಲ. ಅಲ್ಲಿ ಒಂದೇ ದೈವಕ್ಕೆ ಉಗ್ರವಾದ ಅರಾಮಿತಮಾ, ಶಾಂತವಾದ ನಿಗಿಮಿತಮಾ ಎಂಬ ಎರಡು ಮುಖಗಳಿವೆ. ಇಸೆಯ ಮಹಾದೇಗುಲದಲ್ಲಿ ಅಮತೆರಾಸುವಿನ ಉಗ್ರ ಮುಖಕ್ಕೆಂದೇ ಅರಾಮತ್ಸುರಿನೊಮಿಯಾ ಎಂಬ ಪ್ರತ್ಯೇಕ ಗುಡಿಯಿದೆ, ಅದೂ ಮುಖ್ಯ ಗುಡಿಯ ಆವರಣದ ಹತ್ತಿರದಲ್ಲೇ. 903ರಲ್ಲಿ ಗಡೀಪಾರಿನಲ್ಲಿ ತೀರಿಕೊಂಡ ಸುಗಾವಾರಾ ನೊ ಮಿಚಿಜಾನೆಯ ಆತ್ಮ ರಾಜಧಾನಿಯನ್ನು ಕಾಡುತ್ತಿದೆ ಎಂದು ಹೆದರಿದ ಜನ ಅವನಿಗೆ ಕಿತಾನೊದಲ್ಲಿ ಗುಡಿ ಕಟ್ಟಿದರು. ಇಂದು ಪರೀಕ್ಷೆಗೆ ಕೂರುವ ಮಕ್ಕಳು ಕೈಮುಗಿಯುವ ವಿದ್ಯೆಯ ದೇವರು ಅವನೇ. ಉಗ್ರವನ್ನು ಓಡಿಸದೆ, ಪೂಜೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುವ ಪದ್ಧತಿ ಇದು. ಇದನ್ನು ಬಲ್ಲವರಿಗೆ ಕಾಮಿಸಾಮ ಮಾಡಿದ್ದು ಸಾಧನೆಯಾಗಿ ಕಾಣುವುದಿಲ್ಲ, ತಪ್ಪಾಗಿ ಕಾಣುತ್ತದೆ. ಟೊರಿಯಾಮಾ ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಬರೆದರು ಎಂದು ನಾನು ವಾದಿಸುವುದಿಲ್ಲ. ಮುಂದೇನೆಂದು ಯೋಚಿಸದೆ ವಾರವಾರ ಬರೆಯುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ದೇವರೂ ಪಿಕೊಲೊನೂ ನಾಮೆಕ್ ಗ್ರಹದವರೆಂಬ ವಿಷಯವೂ ಆಮೇಲೆ ಸೇರಿದ್ದು.

ಗುರುವಾಗಿ ಈ ದೇವರು ಹೇಗೆ? ಮೂರು ವರ್ಷ ಗೋಕುವನ್ನು ತನ್ನ ಅರಮನೆಯಲ್ಲಿಟ್ಟುಕೊಂಡು ಕಲಿಸುತ್ತಾನೆ. ಶಿಷ್ಯ ಬೆಳೆದು ನಿಲ್ಲುತ್ತಾನೆ. ಆದರೆ ಆ ಕಲಿಕೆಯ ನಡುವಿನ ಒಂದು ಹೃದ್ಯವಾದ ಗಳಿಗೆಯನ್ನೂ ಕಥೆ ನಮಗೆ ತೋರಿಸುವುದಿಲ್ಲ. ಗುರುವಿನ ಮನಸ್ಸು ಶಿಷ್ಯನಿಗಿಂತ ಹೆಚ್ಚಾಗಿ ಅವನಿಂದ ಆಗಬೇಕಾದ ಕೆಲಸದ ಮೇಲಿದೆ. ಗೋಕು ಆ ಕೆಲಸ ಮಾಡದೆ, ಸೋತ ಪಿಕೊಲೊನಿಗೆ ಸೆಂಜು ಕಾಳು ತಿನ್ನಿಸಿ ಬದುಕಿಸುತ್ತಾನೆ. ದೇವರ ಪದವಿ ಕೊಡುತ್ತೇನೆಂದರೂ ಬೇಡವೆಂದು ಮೋಡದ ಮೇಲೇರಿ ಹೊರಟುಬಿಡುತ್ತಾನೆ. ಗುರು ಪದವಿಗಾಗಿ ತನ್ನನ್ನೇ ಎರಡು ಮಾಡಿಕೊಂಡ, ಶಿಷ್ಯ ಆ ಪದವಿಯ ಕಡೆ ತಿರುಗಿಯೂ ನೋಡಲಿಲ್ಲ.

ನಿಜವಾದ ಗುರು ಆಮೇಲೆ ಬರುತ್ತಾನೆ, ಅವನು ಕೇಡಿನ ಪಾಲಿನವನು. ಗೋಕುವಿನ ಪುಟ್ಟ ಮಗ ಗೋಹಾನ್‌ನನ್ನು ಪಿಕೊಲೊ ಎಳೆದೊಯ್ಯುತ್ತಾನೆ, ಆರು ತಿಂಗಳು ಕಾಡಿನಲ್ಲಿ ಒಂಟಿಯಾಗಿ ಬಿಡುತ್ತಾನೆ, ಆಮೇಲೆ ದಯೆಯಿಲ್ಲದೆ ಹೊಡೆದು ಕಲಿಸುತ್ತಾನೆ. ಇವನ ಉದ್ದೇಶವೂ ಸ್ವಾರ್ಥದ್ದೇ. ಆದರೆ ಭೂಮಿಯ ಮೇಲೆ ದಾಳಿಗೆ ಬಂದ ನಪ್ಪಾ ಬಿಟ್ಟ ಬೆಂಕಿಯುಂಡೆ ಹುಡುಗನತ್ತ ನುಗ್ಗಿದಾಗ ಪಿಕೊಲೊ ಅಡ್ಡ ನಿಲ್ಲುತ್ತಾನೆ. ಸಾಯುವಾಗ ಅವನು ಹೇಳುವುದಿಷ್ಟೇ: ತನ್ನೊಡನೆ ನೆಟ್ಟಗೆ ಮಾತಾಡಿದವನು ಗೋಹಾನ್ ಒಬ್ಬನೇ. ಅತ್ತ ಅರಮನೆಯಲ್ಲಿ ಸೇವಕ ಮಿಸ್ಟರ್ ಪೋಪೋನ ಕಣ್ಣೆದುರೇ ದೇವರು ಇಲ್ಲವಾಗುತ್ತಾನೆ. ಒಂದು ಮಗುವಿಗಾಗಿ ಕೇಡು ಪ್ರಾಣ ಕೊಟ್ಟಿತು, ದೇವರು ಆ ಸಾವಿನಲ್ಲಿ ಬರೀ ಪಾಲುದಾರನಾದ. ಹೊರಹಾಕಿದ ಆ ಪಾಲಿಗೇ ಪ್ರೀತಿಸುವ ಶಕ್ತಿ ಇತ್ತೆಂದು ಕಥೆ ತೋರಿಸಿಕೊಟ್ಟದ್ದು ಇಲ್ಲಿ. ಆನಿಮೆಯಲ್ಲಿ ಈ ಪಿಕೊಲೊನಿಗೆ ದನಿಯಾದ ತೋಶಿಯೊ ಫುರುಕಾವಾ ಆ ಗಳಿಗೆಯಲ್ಲೂ ಒರಟುತನವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ, ಅದಕ್ಕೇ ಅದು ಎದೆಗೆ ನಾಟುತ್ತದೆ.

ಆಮೇಲಿನವರು ಈ ಜೋಡಿಯನ್ನು ನಾಯಕನ ಮೈಯೊಳಗೆ ಸೇರಿಸಿದರು. ಮಸಾಶಿ ಕಿಶಿಮೊಟೊ ಅವರ ‘ನರುಟೊ’ದಲ್ಲಿ (1999–2014) ಒಂಬತ್ತು ಬಾಲದ ನರಿ ಕುರಾಮಾ ಹುಡುಗನ ಹೊಟ್ಟೆಯಲ್ಲಿ ಬಂದಿ. ಕುರಾಮಾನ ಸಿಟ್ಟಿಗೆ ತಕ್ಕ ಕಾರಣ ಕೊಟ್ಟದ್ದು ಕಿಶಿಮೊಟೊ ಅವರ ಹೆಗ್ಗಳಿಕೆ. ಆದರೆ ಕೊನೆಗೆ ಆ ನರಿಯ ಸ್ನೇಹವೆಂದರೆ ಹುಡುಗನ ಕೈಗೆ ಬರುವ ಇನ್ನಷ್ಟು ಬಲ. ಟಿಟೆ ಕುಬೊ ಅವರ ‘ಬ್ಲೀಚ್’ (2001–2016) ಇದಕ್ಕಿಂತ ಧೈರ್ಯ ತೋರಿಸಿತು. ಅದರ ನಾಯಕ ಇಚಿಗೊ ತನ್ನ ಖಡ್ಗದ ಆತ್ಮವೆಂದು ನಂಬಿ ಗುರುವಾಗಿ ಕಂಡ ಮುದುಕ ನಿಜಕ್ಕೂ ಶತ್ರುಕುಲದ ಶಕ್ತಿ, ಆ ಶತ್ರುರಾಜನದೇ ಚಹರೆ ಅವನಿಗೆ. ಪಿಶಾಚಿಯೆಂದು ಹೆದರಿದ ಬಿಳಿಯ ರೂಪವೇ ಅಸಲಿ ಖಡ್ಗ. ಬೆಚ್ಚಿಬೀಳಿಸುವ ತಿರುವು. ಆದರೆ ಬಂದದ್ದು ಕಥೆ ಮುಗಿಯುವ ಹೊತ್ತಿಗೆ, ಅದರ ನೋವು ಹರಡಿಕೊಳ್ಳಲು ಜಾಗವೇ ಸಿಗಲಿಲ್ಲ. ಎರಡರಲ್ಲೂ, ಕೇಡನ್ನು ಹೊರಗೆ ಬಿಟ್ಟವನ ಹೊಣೆ ಏನೆಂಬ ಪ್ರಶ್ನೆ ಹಿಂದೆ ಸರಿಯಿತು.

ಟೊರಿಯಾಮಾ ಅವರೇ ಅದನ್ನು ಕೈಬಿಟ್ಟರೆಂಬುದು ನನ್ನ ದೊಡ್ಡ ತಕರಾರು. ಸೆಲ್ ಎಂಬ ರಕ್ಕಸ ಬಂದಾಗ ದೇವರೂ ಪಿಕೊಲೊನೂ ಮತ್ತೆ ಒಂದಾಗುತ್ತಾರೆ. ಸೀಳಿದ್ದು ಕೂಡುವ ಗಳಿಗೆ ಅದು, ಇಡೀ ಕಥೆ ಅದಕ್ಕೆ ಕಾದಿತ್ತು. ತಾನು ಕಾಮಿಸಾಮನೂ ಅಲ್ಲ, ಪಿಕೊಲೊನೂ ಅಲ್ಲ ಎಂದು ಒಂದಾದವನು ಹೇಳಿಕೊಳ್ಳುತ್ತಾನೆ. ಮುಂದಿನ ಪುಟಗಳಲ್ಲಿ ನಮಗೆ ಕಾಣುವವನು ಬಲ ಹೆಚ್ಚಾದ ಪಿಕೊಲೊ ಮಾತ್ರ. ದೇವರ ಪಶ್ಚಾತ್ತಾಪ ಎಲ್ಲಿ ಹೋಯಿತು? ಅಷ್ಟು ಕಾಲ ಮೇಲಿಂದ ನೋಡುತ್ತ ಕುಳಿತವನ ನೆನಪುಗಳು ಇವನ ನಿದ್ದೆ ಕೆಡಿಸಲಿಲ್ಲವೇ? ‘ಡ್ರ್ಯಾಗನ್ ಬಾಲ್ ಸೂಪರ್’ (2015–2018) ಬರುವ ಹೊತ್ತಿಗೆ ಕಾಯುವ ದೇವರ ಪ್ರಾಣ ಅಳಿಸುವ ದೇವರ ಪ್ರಾಣಕ್ಕೆ ಕಟ್ಟಿಕೊಂಡಿರುವುದು ಇಡೀ ಬ್ರಹ್ಮಾಂಡದ ಕಟ್ಟಳೆಯಾಗಿದೆ. ಯಾರ ತಪ್ಪೂ ಅದರ ಹಿಂದಿಲ್ಲ, ಆದ್ದರಿಂದ ಯಾರಿಗೂ ಅದು ನೋಯುವುದಿಲ್ಲ.

2022ರ ‘ಸೂಪರ್ ಹೀರೋ’ ಚಿತ್ರದಲ್ಲಿ ಪಿಕೊಲೊ ಗೋಹಾನ್‌ನ ಮಗಳು ಪಾನ್‌ಗೆ ಕಲಿಸುತ್ತಾನೆ, ಶಿಶುವಿಹಾರದಿಂದ ಅವಳನ್ನು ಕರೆತರುತ್ತಾನೆ. ಆ ದೃಶ್ಯಗಳೆಲ್ಲ ನನಗೆ ಬಹಳ ಇಷ್ಟ, ಗುರುವಿನ ಎಳೆ ಅಲ್ಲಿ ಬಾಡಿಲ್ಲ. ಆದರೆ ಅದೇ ಚಿತ್ರದಲ್ಲಿ ಅವನು ಹೆಚ್ಚಿನ ಬಲ ಬೇಕಾಗಿ ಹೊಸ ದೇವರಾದ ಡೆಂಡೆಯ ಬಳಿ ಹೋಗುತ್ತಾನೆ. ಬಂದಾತ ಒಂದು ಕಾಲಕ್ಕೆ ಅದೇ ಅರಮನೆಯಲ್ಲಿ ದೇವರಾಗಿದ್ದವನು ಎಂಬ ಕುರುಹು ಅವರ ಮಾತಿನಲ್ಲೂ ಮುಖದಲ್ಲೂ ಇಲ್ಲ.